ಎರವಲು ಖಾತ್ರಿ

ಇದು ಸುಳ್ಳು ಪತ್ತೆ ಮಾಡುವ ಯಂತ್ರ ಅಲ್ಲ ಎಂದು ಡಾ. ರುಬೀನಾ ನದಾಫ್ ಮತ್ತೆ ಮತ್ತೆ ಹೇಳಿದ್ದರು. ಚನ್ನವೀರ ಪ್ರತಿ ಸಲವೂ ತಲೆಯಾಡಿಸಿದ್ದ. ಆದರೆ ಅವನು ಹೆಂಡತಿ ನೀಲಮ್ಮನನ್ನು ಕರೆದುಕೊಂಡು ಗದಗಿನಿಂದ ಹುಬ್ಬಳ್ಳಿಯ ಈ ಸಂಶೋಧನಾ ಕೇಂದ್ರಕ್ಕೆ ಬಂದದ್ದೇ, ಇಲ್ಲಿ ತನ್ನ ಮಾತು ಖರೆ ಎಂದು ಯಂತ್ರವೊಂದು ತೋರಿಸುತ್ತದೆ ಎಂಬ ನಂಬಿಕೆಯಿಂದ.

ತಲೆಗೆ ತಂತಿಗಳ ಟೊಪ್ಪಿಗೆ ಹಾಕಿಕೊಂಡು ಅವನು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ. ಗಾಜಿನ ಗೋಡೆಯ ಈಚೆಗೆ ನೀಲಮ್ಮ ಡಾಕ್ಟರ ಪಕ್ಕದಲ್ಲಿ ನಿಂತಿದ್ದಳು. ಎದುರಿನ ಪರದೆಯ ಮೇಲೆ ಒಂದು ಹಸಿರು ಗೆರೆ ಹರಿಯುತ್ತಿತ್ತು. ಚನ್ನವೀರ ತನಗೆ ಕೊಟ್ಟ ವಾಕ್ಯಗಳನ್ನು ಒಂದೊಂದಾಗಿ ಓದುತ್ತಿದ್ದ.

“ನನ್ನ ಹೆಸರು ಚನ್ನವೀರ.”

ಗೆರೆ ಎದ್ದು, ಸ್ವಲ್ಪ ಹೊತ್ತು ಮೇಲೆ ನಿಂತು, ಇಳಿಯಿತು.

“ನಾಳೆ ಮಳಿ ಬರ್ತೈತಿ.”

ಗೆರೆ ಸ್ವಲ್ಪ ಅಲುಗಿತು, ಅಷ್ಟೇ.

“ನನ್ನ ಹೆಂಡ್ತಿ ನೀಲಮ್ಮ, ಬೇವೂರ ಮಾಸ್ತರ ಜೋಡಿ ಸಂಬಂಧ ಇಟ್ಕೊಂಡಾಳ.”

ಗೆರೆ ಪರದೆಯ ತುದಿ ಮುಟ್ಟಿತು. ಅಲ್ಲಿಯೇ ನಿಂತಿತು. ಅವನ ಸ್ವಂತ ಹೆಸರಿಗೂ ಗೆರೆ ಅಷ್ಟು ಎತ್ತರ ಏರಿರಲಿಲ್ಲ. ನೀಲಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

ಕೇಂದ್ರದಲ್ಲಿ ಅದನ್ನು ಎಲ್ಲರೂ ಖಾತ್ರಿ ಯಂತ್ರ ಎನ್ನುತ್ತಿದ್ದರು. ಒಂದು ಮಾತು ಕಿವಿಗೆ ಬಿದ್ದಾಗ ಮೆದುಳು ಎರಡು ಕೆಲಸ ಮಾಡುತ್ತದೆ: ಮಾತಿನ ಅರ್ಥ ಹಿಡಿಯುವುದು ಒಂದು, ಅದರ ಮೇಲೆ ‘ಹೌದು’ ಎಂಬ ಮುದ್ರೆ ಒತ್ತುವುದು ಇನ್ನೊಂದು. ಈ ಎರಡನೆಯ ಕೆಲಸದ ಜಾಗವನ್ನೂ ಲಯವನ್ನೂ ರುಬೀನಾ ಅವರ ತಂಡ ಗುರುತಿಸಿತ್ತು. ಆ ಲಯವನ್ನು ಅಳೆಯಬಹುದಿತ್ತು, ದಾಖಲಿಸಬಹುದಿತ್ತು. ಕಾಂತೀಯ ಸುರುಳಿಗಳ ಮೂಲಕ ಇನ್ನೊಬ್ಬರ ಮೆದುಳಿನಲ್ಲಿ ಅದನ್ನು ಸ್ವಲ್ಪ ಹೊತ್ತು ಎಬ್ಬಿಸಬಹುದಿತ್ತು ಕೂಡ. ಭ್ರಮಾರೋಗ ಇರುವವರ ಮನಸ್ಸು ಒಳಗಿನಿಂದ ಹೇಗಿರುತ್ತದೆ ಎಂದು ಎಳೆಯ ವೈದ್ಯರಿಗೆ ತಿಳಿಸಿಕೊಡಲು ಕಟ್ಟಿದ ಯಂತ್ರ ಅದು. ಒತ್ತಿದ ಮುದ್ರೆಯನ್ನು ಅಳಿಸುವ ವಿದ್ಯೆ ಮಾತ್ರ ಅವರಿಗಿನ್ನೂ ಸಿಕ್ಕಿರಲಿಲ್ಲ.

ಚನ್ನವೀರ ಟೊಪ್ಪಿಗೆ ತೆಗೆದು ಹೊರಗೆ ಬಂದ. “ನಾ ಸುಳ್ಳು ಹೇಳಲಿಲ್ಲ ಅಲ್ರಿ ಮೇಡಂ?”

“ಇಲ್ಲ. ನೀವು ಸುಳ್ಳು ಹೇಳಲಿಲ್ಲ,” ಎಂದರು ರುಬೀನಾ. “ಆದರ ಚನ್ನವೀರ ಅವರ, ಖಾತ್ರಿ ಇರೂದು ಬ್ಯಾರೆ, ಖರೆ ಇರೂದು ಬ್ಯಾರೆ. ಯಂತ್ರಕ್ಕ ಖರೆ ಯಾವುದು ಅಂತ ಗೊತ್ತಾಗಂಗಿಲ್ಲ.”

ಅವನು ಆಗಲೇ ಹೆಂಡತಿಯ ಕಡೆ ತಿರುಗಿದ್ದ. ಮುಖದಲ್ಲಿ ಬಹಳ ದಿನಗಳಿಂದ ಕಾಣದ ನಗು ಇತ್ತು. “ಕೇಳಿದಿಲ್ಲ ನೀಲಾ?”

ಚನ್ನವೀರ ಗದಗದ ಹೊರಗಿನ ವಿದ್ಯುತ್ ಸಬ್ ಸ್ಟೇಷನ್ನಿನಲ್ಲಿ ಆಪರೇಟರ್. ಕೆಲಸದಲ್ಲಿ ಅವನ ಕೈ ಎಂದೂ ತಪ್ಪಿದ್ದಿಲ್ಲ. ಸಂಬಳ ತಂದು ಹೆಂಡತಿಯ ಕೈಗೆ ಕೊಡುತ್ತಿದ್ದ, ಕುಡಿಯುತ್ತಿರಲಿಲ್ಲ, ನೆಂಟರ ಮದುವೆಗಳಲ್ಲಿ ಮುಂದೆ ನಿಂತು ಓಡಾಡುತ್ತಿದ್ದ. ಆ ಒಂದು ವಿಷಯ ಬಿಟ್ಟರೆ ಅವನಲ್ಲಿ ಏನೂ ಕೆಟ್ಟಿರಲಿಲ್ಲ. ಅದಕ್ಕೇ ಯಾರೂ ಅದನ್ನು ಕಾಯಿಲೆ ಎನ್ನಲಿಲ್ಲ. ಸಂಶಯದ ಸ್ವಭಾವ ಎಂದರು. ಕೆಲವರು ನೀಲಮ್ಮನನ್ನೇ ಒಂದು ತರಹ ನೋಡಿದರು.

ಶುರುವಾದದ್ದು ಎದುರುಮನೆಯ ತಂತಿಯ ಮೇಲಿನ ಟವೆಲಿನಿಂದ. ಅಲ್ಲಿ ಬೇವೂರ ಮಾಸ್ತರರು ಎಂಬ ನಿವೃತ್ತ ಗಣಿತ ಶಿಕ್ಷಕರಿದ್ದರು, ಹೆಂಡತಿ ತೀರಿಕೊಂಡು ಒಬ್ಬರೇ ಇರುವವರು. ಅವರು ಹಸಿರು ಟವೆಲ್ ಹರವಿದ ದಿನ ನೀಲಮ್ಮ ಹಸಿರು ಸೀರೆ ಉಟ್ಟಿದ್ದಳಂತೆ. ನೀಲಮ್ಮ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮಾಸ್ತರರು ಒಮ್ಮೆ ಸಡಿಲಾದ ಕಡ್ಡಿ ಬಿಗಿ ಮಾಡಿಸಿಕೊಂಡು ಹೋಗಿದ್ದರು. ಅದೂ ಸೇರಿತು. ಮೊದಲಿಗೆ ಅವಳು ವಾದಿಸಿದಳು, ಅತ್ತಳು, ದೇವರ ಮೇಲೆ ಆಣೆ ಮಾಡಿದಳು. ಪ್ರತಿಯೊಂದೂ ಅವನಿಗೆ ಇನ್ನೊಂದು ಸಾಕ್ಷಿಯಾಯಿತು. ತಪ್ಪಿಲ್ಲದವರು ಇಷ್ಟು ಯಾಕ ಅಳ್ತಾರ? ವಿಷಯ ಕಿವಿಗೆ ಬಿದ್ದ ಮಾಸ್ತರರು ತಂತಿಯ ಮೇಲೆ ಬಟ್ಟೆ ಹರವುವುದನ್ನೇ ಬಿಟ್ಟರು. ಬೀದಿ ಕಡೆಯ ಕಿಟಕಿ ಮುಚ್ಚಿದರು. ಕಟ್ಟೆಗೆ ಬಂದು ಪೇಪರ್ ಓದುವುದೂ ನಿಂತಿತು.

“ಎಚ್ಚರಾಗ್ಯಾರ,” ಎಂದಿದ್ದ ಚನ್ನವೀರ.

ಹುಬ್ಬಳ್ಳಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅವನು ಅವಳಿಗೆ ಕಿಟಕಿಯ ಸೀಟು ಕೊಟ್ಟ, ಶೇಂಗಾ ಕೊಡಿಸಿದ. ಗದಗದಲ್ಲಿ ಇಳಿದವನು ಮನೆಯ ಬೀಗ ತೆಗೆಯಲಿಲ್ಲ. ನೇರವಾಗಿ ಎದುರುಮನೆಯ ಬಾಗಿಲು ತಟ್ಟಿದ.

ಮಾಸ್ತರರು ಬಾಗಿಲನ್ನು ಅರ್ಧ ತೆರೆದರು. ಬನಿಯನ್ನಿನಲ್ಲಿದ್ದ ತೆಳ್ಳಗಿನ ಮುದುಕ. ಚನ್ನವೀರ ಕೈ ಮುಗಿದ.

“ಮಾಸ್ತರ, ಯಂತ್ರ ಹೇಳೇತ್ರಿ. ನಾ ಖರೆ ಹೇಳಾಕತ್ತೀನಿ ಅಂತ. ಡಾಕ್ಟರ್ ಬಾಯಿಲೇ ಬಂತು. ಇನ್ನ ನೀವೂ ಖರೆ ಹೇಳಿಬಿಡ್ರಿ, ಮುಗಿಸೂಣು.”

“ತಮ್ಮಾ, ನಾ ಆಣಿ ಮಾಡಿ ಹೇಳೀನಿ, ಮತ್ತೇನು ಹೇಳಲಿ?” ಮಾಸ್ತರರು ಬಾಗಿಲಿನ ಹಿಡಿ ಬಿಟ್ಟಿರಲಿಲ್ಲ. “ನನ್ನ ಮಗಳ ವಯಸ್ಸಿನಾಕಿ ಆಕಿ.”

“ಹಂಗ ಅಂತೀರಿ.” ಚನ್ನವೀರನ ದನಿ ಏರಲೇ ಇಲ್ಲ. “ಆತು. ಶನಿವಾರ ನನಗ ಡ್ಯೂಟಿ ಇಲ್ಲ. ಶನಿವಾರ ಮುಗಿಸೂಣು.”

ಬಾಗಿಲು ಮುಚ್ಚಿತು. ಒಳಗೆ ಚಿಲಕ ಬಿದ್ದ ಸಪ್ಪಳ ನೀಲಮ್ಮನಿಗೆ ಕೇಳಿಸಿತು.

“ಶನಿವಾರ ಏನು ಮಾಡ್ತೀರಿ?” ಎಂದು ಮನೆಗೆ ಬಂದ ಮೇಲೆ ಅಡುಗೆಮನೆಯಿಂದ ಕೇಳಿದಳು. ಒಲೆಯ ಮೇಲೆ ಚಾ ಉಕ್ಕಿ ಸುರಿಯಿತು, ಅವಳು ಆರಿಸಲಿಲ್ಲ.

“ಮಾತಾಡೂದು,” ಎಂದ ಅವನು. ಬಂದು ತಾನೇ ಒಲೆ ಆರಿಸಿದ, ಬಟ್ಟೆಯಿಂದ ಕಟ್ಟೆ ಒರೆಸಿದ. ಬೈಗುಳ ಅವಳಿಗೆ ರೂಢಿಯಾಗಿತ್ತು. ಈ ಸಮಾಧಾನ ರೂಢಿಯಿರಲಿಲ್ಲ.

ಮರುದಿನ ಅವನು ಡ್ಯೂಟಿಗೆ ಹೋದ ಕೂಡಲೇ ಅವಳು ಹುಬ್ಬಳ್ಳಿಯ ಬಸ್ಸು ಹತ್ತಿದಳು.

“ಅವರು ಖುಷಿಯಾಗ್ಯಾರ್ರಿ ಮೇಡಂ. ನೀವು ‘ಸುಳ್ಳಲ್ಲ’ ಅಂದಿದ್ದೊಂದೇ ಅವರಿಗೆ ಕೇಳಿಸೇತಿ,” ಎಂದಳು. ಶನಿವಾರದ ಮಾತನ್ನೂ ಹೇಳಿದಳು.

ರುಬೀನಾ ಮುಖ ಸಪ್ಪಗೆ ಮಾಡಿಕೊಂಡು ಕೇಳಿದರು. “ನೀವು ಇವತ್ತ ಆ ಮನಿಗೆ ಹೋಗಬ್ಯಾಡ್ರಿ,” ಎಂದರು. “ಎಂದೂ ಕೈ ಮಾಡದವರೂ ಇಂಥಾದ್ರಾಗ ಕೈ ಮಾಡ್ತಾರ. ಮಾಸ್ತರಿಗೂ ಹೇಳೂಣು. ಆಸ್ಪತ್ರಿಗೆ ಸೇರಿಸಾಕ ಏನೇನು ಬೇಕೋ ನಾ ನೋಡ್ತೀನಿ.”

“ಹೋಗೂದಿಲ್ಲ. ಅದಕ್ಕೂ ಮೊದಲು ನನ್ನನ್ನ ಆ ಕುರ್ಚಿ ಮ್ಯಾಲ ಕುಂಡ್ರಸ್ರಿ.”

“ಏನು?”

“ಅವರ ತಲಿಯಾಗಿಂದ ನೀವು ಹಿಡಿದಿಟ್ಟೀರಲ್ಲ, ಅದನ್ನ ನನಗ ಹಾಕ್ರಿ. ಎರಡು ವರ್ಷ ಅದು ನನ್ನ ಮ್ಯಾಲ ಬಿದ್ದೈತಿ. ಅದು ಏನು ಅಂತ ನನಗ ಗೊತ್ತಿಲ್ಲ. ಶನಿವಾರ ಅದು ಏನು ಮಾಡತೈತಿ ಅನ್ನೂದು ನಿಮಗೂ ಗೊತ್ತಿಲ್ಲ.”

“ಅದು ನಿಮ್ಮ ಬಗ್ಗೆನೇ ಇರೋ ಮಾತು, ನೀಲಮ್ಮ. ಹೊರಗಿನ ವೈದ್ಯರು ಕುಂತಾಗ ಅವರಿಗೆ ಅದು ಯಾರದೋ ಹೆಂಡ್ತಿ ಸುದ್ದಿ. ನಿಮಗ ಹಂಗಲ್ಲ. ಏನಾಗತೈತಿ ಅಂತ ನಾ ಹೇಳಲಾರೆ.”

“ಅದನ್ನ ಯಾರಿಗೆ ತೋರಿಸಬಹುದು ಅಂತ ಒಪ್ಪಿಗಿ ಸಹಿ ಮಾಡುವಾಗ ಅವರೇ ಹೇಳ್ಯಾರಲ್ಲ, ಮೊದಲು ಆಕಿಗೆ ತೋರಸ್ರಿ ಅಂತ.”

ರುಬೀನಾ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಬೇಡ ಎನ್ನಲು ಅವರಲ್ಲಿ ಕಾರಣಗಳಿದ್ದವು. ಆದರೆ ಚನ್ನವೀರನ ಕೈಗೆ ಆ ಯಂತ್ರದ ಮಾತನ್ನು ಕೊಟ್ಟು ಕಳಿಸಿದವರೂ ಅವರೇ. ಕೊನೆಗೆ, ಬಲ ಅರ್ಧಕ್ಕಿಂತ ಕಡಿಮೆ ಇಡುತ್ತೇನೆ, ನಾನು ನಿಲ್ಲಿಸಿದಾಗ ನಿಲ್ಲಬೇಕು ಎಂದು ಷರತ್ತು ಹಾಕಿ ತಂತ್ರಜ್ಞನನ್ನು ಕರೆದರು.

ಟೊಪ್ಪಿಗೆ ಭಾರವಾಗಿತ್ತು. ಕಿವಿಯ ಹತ್ತಿರ ಟಕಟಕ ಎಂಬ ಸಣ್ಣ ಸಪ್ಪಳ. ಆಮೇಲೆ ಗಂಡನ ದನಿ, ನಿನ್ನೆ ಓದಿದ್ದು: “ನನ್ನ ಹೆಂಡ್ತಿ ನೀಲಮ್ಮ, ಬೇವೂರ ಮಾಸ್ತರ ಜೋಡಿ ಸಂಬಂಧ ಇಟ್ಕೊಂಡಾಳ.”

ಏನೂ ಆಗಲಿಲ್ಲ ಎಂದುಕೊಂಡಳು. ಬೇರೆಯವರ ಮಾತೊಂದು ಹೊರಗಿನಿಂದ ಬಂದು ತಲೆಯೊಳಗೆ ಕೂರುತ್ತದೆ ಎಂದು ಕಾಯುತ್ತಿದ್ದಳು. ಹಾಗೆ ಯಾವುದೂ ಬರಲಿಲ್ಲ. ಯಾಕೆಂದರೆ ಅದು ಮೊದಲಿನಿಂದಲೂ ಗೊತ್ತಿದ್ದದ್ದೇ. ನೀಲಮ್ಮ ಮಾಸ್ತರರ ಜೊತೆ ಇದ್ದಾಳೆ. ಹೌದಲ್ಲ. ಇದಕ್ಕೆ ಯಂತ್ರ ಯಾಕೆ ಬೇಕಿತ್ತು?

“ಹೆಂಗನಸ್ತೈತ್ರಿ?” ರುಬೀನಾ ಅವರ ದನಿ.

“ಏನೂ ಇಲ್ಲ. ಎಲ್ಲಾ ಇದ್ದಂಗ ಐತಿ.”

“ಆ ಮಾತು ಖರೆ ಏನ್ರಿ?”

“ಹೌದು,” ಎಂದಳು ನೀಲಮ್ಮ.

“ನೀವು ಮಾಸ್ತರ ಮನಿಗೆ ಹೋಗಿದ್ರೇನು ಎಂದಾದ್ರೂ?”

ಹೋಗಿರಲಿಲ್ಲ. ಅದು ಅವಳಿಗೆ ನೆನಪಿತ್ತು. ಆದರೂ ಆ ನೆನಪು ಸಪ್ಪೆಯಾಗಿತ್ತು, ಯಾರೋ ಹೇಳಿದ ಊರಿನ ಸುದ್ದಿಯಂತೆ ದೂರ ನಿಂತಿತ್ತು. ಕನ್ನಡಕದ ಕಡ್ಡಿ ಬಿಗಿ ಮಾಡಿ ಕೊಟ್ಟದ್ದು ಮಾತ್ರ ಥಟ್ಟನೆ ಹತ್ತಿರ ಬಂತು. ಮಾಸ್ತರರು ಕನ್ನಡಕ ತೆಗೆದುಕೊಳ್ಳುವಾಗ ಬೆರಳು ತಾಗಿತ್ತಲ್ಲ. ಆವತ್ತು ಏನೂ ಅನ್ನಿಸಿರಲಿಲ್ಲ. ಏನೂ ಅನ್ನಿಸಲಿಲ್ಲ ಎಂದು ತೋರಿಸಿಕೊಂಡಿದ್ದಳು, ಎಷ್ಟು ಜಾಣೆ! ಆ ಹೆಂಗಸಿನ ಮೇಲೆ ನೀಲಮ್ಮನಿಗೆ ಅಸಹ್ಯ ಹುಟ್ಟಿತು. ಆ ಹೆಂಗಸು ತಾನೇ ಎಂಬುದು ಗೊತ್ತಿದ್ದೂ ಹುಟ್ಟಿತು. ಅದರ ಬೆನ್ನಿಗೇ ಬಂದ ದುಃಖ ಅವಳನ್ನು ಕುರ್ಚಿಯಲ್ಲಿ ಬಗ್ಗಿಸಿತು. ಇಷ್ಟು ವರ್ಷ ಒಂದೇ ತಾಟಿನಲ್ಲಿ ಉಂಡವಳು. ಎಲ್ಲರಿಗೂ ಗೊತ್ತು, ಎಲ್ಲರೂ ಸೇರಿ ಇಲ್ಲ ಎನ್ನುತ್ತಾರೆ.

“ಸಾಕ್ಷಿ ಏನೈತ್ರಿ ಅದಕ್ಕ?” ರುಬೀನಾ ಕೇಳಿದರು.

“ನೀವೂ ಅವರ ಪೈಕಿ ಏನು?” ನೀಲಮ್ಮನ ದನಿ ಬದಲಾಗಿತ್ತು. ಏರಿರಲಿಲ್ಲ, ತಣ್ಣಗಿತ್ತು. “ಸಾಕ್ಷಿ ಕೇಳಿ ಕೇಳಿ ನನ್ನ ಹುಚ್ಚ ಮಾಡಬೇಕಂತೀರಿ. ಇದನ್ನ ಹಿಂಗ ಬಿಡಾಕ ಬರಂಗಿಲ್ಲ. ಯಾರಾರ ಮುಗಿಸಬೇಕು. ಶನಿವಾರ ತನಕ ಕಾಯೂದರ ಯಾಕ?”

ರುಬೀನಾ ಕೈ ಎತ್ತಿದರು. ತಂತ್ರಜ್ಞ ಗುಂಡಿ ಒತ್ತಿದ. ಟಕಟಕ ನಿಂತಿತು.

ಅದು ತಟ್ಟನೆ ಹೋಗಲಿಲ್ಲ. ಕೈಗೆ ನೀರಿನ ಲೋಟ ಕೊಟ್ಟರು, ನೀಲಮ್ಮ ಅದನ್ನು ಕುಡಿಯುವ ಮೊದಲು ಮೂಸಿ ನೋಡಿದಳು. ಆಮೇಲೆ ಬ್ಯಾಗಿನಿಂದ ತನ್ನದೇ ಫೋನ್ ತೆಗೆದು ಕರೆಗಳನ್ನು ಒಂದೊಂದಾಗಿ ನೋಡತೊಡಗಿದಳು. ಅಕ್ಕ, ಅಂಗಡಿ, ಗ್ಯಾಸಿನವನು, ಗಂಡ, ಗಂಡ, ಗಂಡ. ಮಾಸ್ತರರ ಹೆಸರೇ ಇರಲಿಲ್ಲ. ಅಳಿಸಿರಬೇಕು ಎಂದು ಅನ್ನಿಸಿತು. ಹಾಗೆ ಅನ್ನಿಸಿದ ಗಳಿಗೆಯಲ್ಲೇ ಅವಳು ಫೋನನ್ನು ತೊಡೆಯ ಮೇಲೆ ಕವುಚಿಟ್ಟಳು.

“ಮೇಡಂ, ನಾ ಏನೂ ಮಾಡಿಲ್ಲ,” ಎಂದಳು.

“ಹೌದು. ನೀವು ಏನೂ ಮಾಡಿಲ್ಲ.”

“ನಾನ ನನ್ನ ನಂಬಲಿಲ್ಲ ನೋಡ್ರಿ.” ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಹೇಳಿದಳು: “ಸಿಟ್ಟು ಇರತೈತಿ ಅನ್ಕೊಂಡಿದ್ದೆ. ಸಿಟ್ಟಲ್ರಿ ಅದು. ಸಿಟ್ಟಾಗಿದ್ರ ಇಳೀತಿತ್ತು. ಒಂದು ಕೆಲಸ ಉಳದೈತಿ, ಅದನ್ನ ನಾ ಮಾಡಬೇಕು, ಮಾಡಿದ ಮ್ಯಾಲ ನಿದ್ದಿ ಬರತೈತಿ ಅಂತ ಅನಸ್ತು. ಅವರು ಡ್ಯೂಟಿ ಅಂದ್ರ ಒಂದು ನಿಮಿಷ ತಡಾ ಮಾಡಾವ್ರಲ್ಲ.”

ಅವಳಿಗೆ ಕರುಣೆಯೂ ಭಯವೂ ಒಂದೇ ಸಲ ಬಂದಿದ್ದವು, ಒಂದನ್ನು ಬಿಟ್ಟು ಇನ್ನೊಂದು ಇರಲಿಲ್ಲ. ಅಲ್ಲಿಂದಲೇ ಮಾಸ್ತರರಿಗೆ ಫೋನ್ ಮಾಡಿಸಿ, ಮಗಳ ಊರಿಗೆ ಹೋಗುವಂತೆ ಹೇಳಿಸಿದಳು. ಹುಲಕೋಟಿಯಲ್ಲಿದ್ದ ಅಕ್ಕನಿಗೆ ತಾನು ಬರುತ್ತೇನೆ ಎಂದು ತಿಳಿಸಿದಳು. ಗಂಡನ ಅಣ್ಣ ಶಿವಪುತ್ರಪ್ಪನಿಗೆ ಎಲ್ಲವನ್ನೂ ಹೇಳಿದಳು. ಆತ ಇಷ್ಟು ದಿನ ಇದು ಗಂಡ-ಹೆಂಡಿರ ಜಗಳ ಎಂದೇ ತಿಳಿದಿದ್ದವನು. ಗಂಡನನ್ನು ಒಮ್ಮೆ ಕಂಡೇ ಹುಲಕೋಟಿಗೆ ಹೋಗುತ್ತೇನೆ ಎಂದು ರುಬೀನಾ ಅವರಿಗೆ ಹೇಳಿದಳು.

“ನೀವು ಅವರನ್ನ ಒಬ್ಬರೇ ಕಾಣಬಾರದು,” ಎಂದು ರುಬೀನಾ ಖಡಾಖಂಡಿತವಾಗಿ ಹೇಳಿದರು. “ವಾದ ಮಾಡಬಾರದು. ಹೌದು ಅಂತಲೂ ಒಪ್ಪಬಾರದು.”

“ಭಾವ ಬಾಗಿಲದಾಗ ಇರ್ತಾರ. ಹಗಲಿನಾಗ, ಅವರ ಡ್ಯೂಟಿ ಜಾಗಾದಾಗ ಕಾಣ್ತೀನಿ. ಅಲ್ಲಿ ಅವರು ಅವರಾಗೇ ಇರ್ತಾರ.”

ಅವತ್ತೇ ಮಧ್ಯಾಹ್ನ. ಸಬ್ ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ಉದ್ದಕ್ಕೂ ಪ್ಯಾನೆಲ್ಲುಗಳು, ಅವುಗಳ ಮೇಲೆ ಕೆಂಪು ಹಸಿರು ದೀಪಗಳು. ಹೊರಗಿನ ಟ್ರಾನ್ಸ್‌ಫಾರ್ಮರ್‌ಗಳ ಗುಂಯ್‌ಗುಡುವ ಸದ್ದು ನೆಲದಲ್ಲೇ ಇರುವಂತೆ ಕಾಲಿಗೆ ತಿಳಿಯುತ್ತಿತ್ತು. ಶಿವಪುತ್ರಪ್ಪ ಹೊಸ್ತಿಲ ಹತ್ತಿರ ನಿಂತ. ಚನ್ನವೀರ ಮೇಜಿನಿಂದ ಏಳಲಿಲ್ಲ.

“ಅಂಗಡಿಗೆ ಹೋಗಿಲ್ಲ ನೀ,” ಎಂದ. “ಫೋನ್ ಮಾಡಿದ್ದೆ.”

“ಹುಬ್ಬಳ್ಳಿಗೆ ಹೋಗಿದ್ದೆ. ಆ ಕುರ್ಚಿ ಮ್ಯಾಲ ಕುಂತಿದ್ದೆ. ನಿಮ್ಮ ಖಾತ್ರಿ ನನ್ನ ತಲಿಗೆ ಹಾಕಿದ್ರು.”

ಅವನು ಪೆನ್ನು ಕೆಳಗಿಟ್ಟ. ಕಣ್ಣುಗಳು ಅವಳ ಮೇಲೆ ನೆಟ್ಟವು. “ಅಂದ್ರ ಒಪ್ಪಿದಿ?”

ಹೊಸ್ತಿಲಲ್ಲಿ ಶಿವಪುತ್ರಪ್ಪ ಒಂದು ಹೆಜ್ಜೆ ಒಳಗಿಟ್ಟ. ನೀಲಮ್ಮ ಹಿಂದೆ ಕೈ ಮಾಡಿ ಅವನನ್ನು ತಡೆದಳು.

“ಇಲ್ಲ. ನಾ ಏನೂ ಮಾಡಿಲ್ಲ. ಅದನ್ನ ನೀವು ನಂಬಬೇಕು ಅಂತ ಕೇಳಾಕ ಬಂದಿಲ್ಲ. ಯಾಕಂದ್ರ ಅದು ತಲಿಯಾಗ ಇದ್ದಾಗ ನಾನೂ ನಂಬಲಿಲ್ಲ. ಬಂದ್ ಮಾಡಿದ್ರು, ಸಾವಕಾಶ ಹೋತು. ನಿಮಗ ಬಂದ್ ಆಗಿಲ್ಲ.” ಅವಳು ಮೇಜಿನ ಹತ್ತಿರ ಬಂದಳು. “ನಾ ಇದ್ದದ್ದು ಸ್ವಲ್ಪ ಹೊತ್ತು ಅದರಾಗ, ಅಷ್ಟಕ್ಕ ಉಸಿರು ಹಿಡದಂಗಾತು. ನೀವು ಎರಡು ವರ್ಷ ಹೆಂಗಿದ್ರಿ ಅದರಾಗ?”

ಚನ್ನವೀರ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಜರ್ ಕಿರುಚಿತು. ಒಂದು ಪ್ಯಾನೆಲ್ಲಿನ ಮೇಲೆ ದೀಪ ಮಿಣುಕತೊಡಗಿತು. ಅವನು ಎದ್ದು ಹೋಗಿ ಬಜರ್ ನಿಲ್ಲಿಸಿದ, ರಿಲೇ ನೋಡಿದ, ಆ ಕಡೆಯ ಸ್ಟೇಷನ್ನಿಗೆ ಫೋನ್ ಮಾಡಿ ಫೀಡರ್ ಟ್ರಿಪ್ ಆಗಿ ಒಂದು ಲೈನಿನ ಕರೆಂಟು ಹೋಗಿರುವುದನ್ನು ಹೇಳಿದ, ಲೈನಿನಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ ಎಂದು ಕೇಳಿ ಖಚಿತ ಮಾಡಿಕೊಂಡ, ಒಪ್ಪಿಗೆ ಬಂದ ಮೇಲೆ ಸ್ವಿಚ್ ತಿರುಗಿಸಿದ. ದೀಪ ಕೆಂಪಾಗಿ ನಿಂತಿತು, ಲೈನಿನಲ್ಲಿ ಕರೆಂಟು ಮತ್ತೆ ಹರಿಯಿತು. ಕೈ ಒಂದಿಷ್ಟೂ ಅಲುಗಲಿಲ್ಲ. ವಾಪಸು ಬಂದು ಕುಳಿತು ಪೆನ್ನು ಎತ್ತಿಕೊಂಡವನು ಏನೂ ಬರೆಯದೆ ಮತ್ತೆ ಕೆಳಗಿಟ್ಟ.

“ನಿದ್ದಿ ಇಲ್ಲ ನೀಲಾ,” ಎಂದ. “ಯಾರೂ ಕೇಳಲಿಲ್ಲ ಅದನ್ನ. ಎಲ್ಲಾರೂ ಸುಳ್ಳು ಸುಳ್ಳು ಅಂದ್ರು.”

“ಶನಿವಾರ ಏನು ಮಾಡಾವ್ರಿದ್ರಿ?”

ಅವನು ನೆಲ ನೋಡಿದ, ಅಣ್ಣನನ್ನು ನೋಡಿದ. ಮುಖದ ಬಣ್ಣ ಇಳಿಯುತ್ತ ಹೋಯಿತು. ಕೊನೆಗೆ ಅವಳಿಗಷ್ಟೇ ಕೇಳುವಂತೆ ಹೇಳಿದ:

“ನೀ ಮನಿಗೆ ಬರಬ್ಯಾಡ.”

ನೀಲಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

“ಬರೂದಿಲ್ಲ,” ಎಂದಳು. “ಆದರ ನೀವು ಭಾವನ ಜೋಡಿ ದವಾಖಾನಿಗೆ ಹೋಗ್ರಿ. ಸಂಬಂಧ ಇಲ್ಲ ಅಂತ ಒಪ್ಪಾಕ ಅಲ್ಲ. ಮಲಗಾಕ.”

ಬದಲಿ ಆಪರೇಟರ್ ಬರುವ ತನಕ ಅವನು ಎದ್ದು ಹೋಗಲು ಒಪ್ಪಲಿಲ್ಲ. ಬಂದ ಮೇಲೆ ಯಾವ ಯಾವ ಲೈನು ಹೇಗಿದೆ ಎಂದು ಎಲ್ಲವನ್ನೂ ಹೇಳಿ ಒಪ್ಪಿಸಿದ. ಅಣ್ಣನ ಹಿಂದೆ ನಡೆದು ಹೋಗಿ ಅವನು ತಂದಿದ್ದ ಜೀಪು ಹತ್ತಿದ. ಅವಳ ಕಡೆ ತಿರುಗಿ ನೋಡಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ರುಬೀನಾ ಅವನಿಗೆ ಮರೆಮಾಚದೆ ಹೇಳಿದರು: ಈ ಮಾತ್ರೆ ನಿದ್ದೆಗೆ ಅನುಕೂಲ ಮಾಡುತ್ತದೆ, ಆ ಖಾತ್ರಿಯ ಬಿಗಿಯನ್ನೂ ಸಡಿಲ ಮಾಡಬಹುದು, ಎರಡನೆಯದು ನಿಮಗೆ ಇಷ್ಟವಾಗದೆ ಇರಬಹುದು. ಅವನು ಮೊದಲನೆಯದಕ್ಕಾಗಿ ನುಂಗಿದ. ವಾರಗಟ್ಟಲೆ ಏನೂ ಬದಲಾಗಲಿಲ್ಲ. ಮಾಸ್ತರರು ಮಗಳ ಊರಿನಲ್ಲೇ ಮನೆ ಮಾಡಿದರು. ಸಾಮಾನು ಸಾಗಿಸಲು ಬಂದಾಗಲೂ ಓಣಿಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಖಾತ್ರಿ ಯಂತ್ರಕ್ಕೆ ರೋಗಿಗಳನ್ನು ಕೂರಿಸುವ ಮುಂಚೆ ಮನೆಯವರನ್ನು ಕೂರಿಸಿಕೊಂಡು ಮಾತಾಡಬೇಕೆಂದೂ, ಗೆರೆ ಏನು ತೋರಿಸಿತೆಂದು ರೋಗಿಗೆ ಹೇಳಬಾರದೆಂದೂ ರುಬೀನಾ ನಿಯಮ ಮಾಡಿದರು. ನೀಲಮ್ಮ ಹುಲಕೋಟಿಯಿಂದಲೇ ದಿನಾ ಅಂಗಡಿಗೆ ಬಂದು ಹೋಗುತ್ತಿದ್ದಳು.

ಬೇಸಿಗೆ ಕಳೆದ ಮೇಲೆ ಅವನು ಡ್ಯೂಟಿಗೆ ಮರಳಿದ. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಶಿವಪುತ್ರಪ್ಪನ ಮನೆಯಲ್ಲಿ ಇಬ್ಬರೂ ಭೇಟಿಯಾಗತೊಡಗಿದರು. ಮಾತು ಕಡಿಮೆ. ಅವನು ಸುಳ್ಳಾಗಿತ್ತು ಎಂದು ಎಂದೂ ಹೇಳಲಿಲ್ಲ. ಒಂದು ದಿನ ಮಾತ್ರ, “ಈಗೂ ಅನಸ್ತೈತಿ. ಮೊದಲಿನಂಗ ಅದರ ಹಿಂದ ಎದ್ದು ಹೋಗಂಗಿಲ್ಲ,” ಎಂದ. ಅಷ್ಟು ಹೇಳಲು ಅವನಿಗೆ ಬಹಳ ಕಷ್ಟವಾಯಿತು ಎಂಬುದು ಅವಳಿಗೆ ಗೊತ್ತಾಯಿತು.

ಒಂದು ಭಾನುವಾರ ಬಸ್ಸು ತಡವಾಯಿತು. ನೀಲಮ್ಮ ಬೆವರುತ್ತ ಬಂದು ಕುಳಿತಳು. ಅಕ್ಕ ಕಟ್ಟಿ ಕೊಟ್ಟ ರೊಟ್ಟಿ, ಎಣ್ಣೆಗಾಯಿಗಳನ್ನು ಮುಂದಿಟ್ಟಳು. ಅವನು ರೊಟ್ಟಿ ಮುರಿಯುತ್ತ ಸಹಜವಾಗಿ ಕೇಳಿದ: “ಬಸ್ಸಿನಾಗ ಬಾಜೂಕ ಯಾರು ಕುಂತಿದ್ರು?”

ಅವಳ ಕೈ ನಿಂತಿತು. ಒಳಗೆ ಶಿವಪುತ್ರಪ್ಪನ ಹೆಂಡತಿ ಪಾತ್ರೆ ತೊಳೆಯುತ್ತಿದ್ದದ್ದು ನಿಂತಿತು. ಚನ್ನವೀರ ರೊಟ್ಟಿಯ ತುಂಡನ್ನು ಹಿಡಿದೇ ಇದ್ದ. ಅವನ ಹಣೆಯ ನರ ಉಬ್ಬಿತ್ತು, ದವಡೆ ಬಿಗಿದಿತ್ತು. ಏನನ್ನೋ ಹಲ್ಲು ಕಚ್ಚಿ ಹಿಡಿದಿಟ್ಟುಕೊಂಡವನ ಹಾಗೆ ಅವನು ಕಣ್ಣು ಮುಚ್ಚಿದ. ಅವಳು ಹೇಳಲು ಬಾಯಿ ತೆರೆದಳು.

“ಹೇಳಬ್ಯಾಡ,” ಎಂದ ಅವನು ಕಣ್ಣು ತೆರೆಯದೆ. “ನೀಲಾ, ಹೇಳಬ್ಯಾಡ. ಅದು ನಾ ಕೇಳಿದ್ದಲ್ಲ.”

ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಉಸಿರು ಇಳಿದ ಮೇಲೆ ಅವನು ಅದನ್ನು ಎರಡು ಪಾಲು ಮಾಡಿ, ಒಂದನ್ನು ಅವಳ ಕಡೆ ಸರಿಸಿದ.